ಪದ್ಮಿನಿಯಾ, ಹೆರಾಲ್ಡಾ, ಬೆಂಜಾ? ಹಳೇ ಕಾರು ಎಬ್ಬಿಸುವ ಮೊದಲು ಸ್ಪೇರ್ ಬರುವ ದಾರಿ ನೋಡಿ

ಕಳೆದ ತಿಂಗಳು ಅಳಿಯ ನನಗೆ ಮೂರು ಫೋಟೊ ಕಳಿಸಿದ. ಕಾರ್ಕಳದಲ್ಲಿ ಹಂಚಿನ ಮನೆಯೊಂದರ ಕೊಟ್ಟಿಗೆಯಲ್ಲಿ ನಿಂತ ಪ್ರೀಮಿಯರ್ ಪದ್ಮಿನಿ. ಕುಂದಾಪುರದ ಕಡೆ ತೆಂಗಿನ ಮಡಲು ಹೊದ್ದು ಮಲಗಿದ ಸ್ಟ್ಯಾಂಡರ್ಡ್ ಹೆರಾಲ್ಡ್. ಕದ್ರಿಯ ಒಂದು ಶೆಡ್ಡಿನಲ್ಲಿ, ಯಾರೋ ಗಲ್ಫ್‌ನಿಂದ ತಂದು ಬಿಟ್ಟ ಮರ್ಸಿಡಿಸ್ 240ಡಿ. ಕೆಳಗೆ ಒಂದೇ ಸಾಲು: 'ಮಾವ, ಯಾವುದು ತಗೊಳ್ಳಲಿ?'

ಈಚೆಗೆ ಈ ಪ್ರಶ್ನೆ ಕೇಳುವವರು ಜಾಸ್ತಿ ಆಗಿದ್ದಾರೆ. ಕೆಲವರ ಪಟ್ಟಿಯಲ್ಲಿ ಅಂಬಾಸಿಡರ್ ಇರುತ್ತದೆ, ಕೆಲವರ ಪಟ್ಟಿಯಲ್ಲಿ ಫೋಕ್ಸ್‌ವ್ಯಾಗನ್ನಿನ ಬೀಟಲ್. ನಾನು 1984ರ ಒಂದು ಪದ್ಮಿನಿಯನ್ನು ಮೂರು ವರ್ಷ ಹೆಣಗಿ ಎಬ್ಬಿಸಿ ನಿಲ್ಲಿಸಿದವನು. ಅದಕ್ಕೂ ಮೊದಲು ಒಂದು ಹೆರಾಲ್ಡಿಗೆ ಕೈ ಹಾಕಿ ಸುಟ್ಟುಕೊಂಡವನು. ಆ ಎರಡರ ಬಲದ ಮೇಲೆ ಈ ಬರಹ.

'ಪದ್ಮಿನಿ, ಅಂಬಾಸಿಡರ್ ಎಲ್ಲ ನಮ್ಮವೇ ಅಲ್ವಾ, ಯುರೋಪಿನ ಕಾರು ಹೇಗೆ?' ಎಂದು ಕೇಳಬಹುದು. ಹುಟ್ಟು ಯುರೋಪಿನದು, ಬೆಳೆದದ್ದು ಇಲ್ಲಿ. ಪದ್ಮಿನಿ ಎಂದರೆ ಇಟಲಿಯ ಫಿಯಟ್ 1100. ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹೆರಾಲ್ಡ್ ಅಲ್ಲಿ ಟ್ರಯಂಫ್, ಇಲ್ಲಿ ಮದರಾಸಿನ ಸ್ಟ್ಯಾಂಡರ್ಡ್. ಕಾರು ಎಲ್ಲಿ ಬೆಳೆಯಿತು ಎನ್ನುವುದರ ಮೇಲೆಯೇ ಅದರ ಸ್ಪೇರ್ ಎಲ್ಲಿ ಸಿಗುತ್ತದೆ ಎನ್ನುವುದು ನಿಂತಿದೆ.

ಕಾರು ಯಾವುದೇ ಇರಲಿ, ಮೊದಲು ಇವನ್ನು ನೋಡಿ

ಹಳೇ ಕಾರು ನೋಡಲು ಹೋದವರು ಮೊದಲು ಕೇಳುವುದು 'ಎಂಜಿನ್ ಸ್ಟಾರ್ಟ್ ಆಗ್ತದಾ?' ನನ್ನ ಲೆಕ್ಕದಲ್ಲಿ ಅದು ಕೊನೆಯ ಪ್ರಶ್ನೆ. ಮಂಗಳೂರು, ಮಲ್ಪೆಯಂಥ ಬಂದರಿನ ಊರುಗಳಲ್ಲಿ ಎಂಜಿನ್ ಕೆಲಸಕ್ಕೆ ಬರ ಇಲ್ಲ. ಬೋಟಿನ ಎಂಜಿನ್ ಬಿಚ್ಚಿ ಕಟ್ಟಿ ಕೈ ಪಳಗಿದವರಿದ್ದಾರೆ. ಬೋರ್ ಮಾಡಿಸಬಹುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ಬುಶ್ ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು. ಆದರೆ ಹಿಂದಿನ ಗಾಜು ಒಡೆದಿದ್ದರೆ ಯಾವ ಲೇತೂ ಅದನ್ನು ಮಾಡಿ ಕೊಡುವುದಿಲ್ಲ. ಟೇಲ್ ಲ್ಯಾಂಪಿನ ಕೆಂಪು ಕವರ್, ಬಾಗಿಲಿನ ಹಿಡಿ, ಗ್ರಿಲ್, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್, ಸ್ಪೀಡೋಮೀಟರಿನ ಡಯಲ್. ಕಾರುಗಳು ಅರ್ಧಕ್ಕೆ ನಿಂತು ಗೆದ್ದಲು ಹಿಡಿಯುವುದು ಇಂಥವುಗಳಿಂದ. ಎಂಜಿನ್ ಸತ್ತಿದ್ದರೂ ಮೈಮೇಲಿನ ಒಡವೆ ಎಲ್ಲ ಇರುವ ಕಾರು, ಓಡುವ ಬೋಳು ಕಾರಿಗಿಂತ ಎಷ್ಟೋ ಮೇಲು.

ಎರಡನೆಯದು ತುಕ್ಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಮೇಲಿಂದ ಉಪ್ಪುಗಾಳಿ. ನಮ್ಮೂರಿನ ಕಾರು ಮೇಲಿನಿಂದ ನೋಡಲು ಮದುಮಗಳ ಹಾಗೆ ಇದ್ದರೂ ಕೆಳಗೆ ಜರಡಿ ಆಗಿರುತ್ತದೆ. ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಬಾಗಿಲಿನ ಕೆಳಗಿನ ಅಂಚು, ಚಕ್ರದ ಕಮಾನು, ಡಿಕ್ಕಿಯ ತಳ, ಇಲ್ಲೆಲ್ಲ ಹಿಡಿದು ನೋಡಿ. ಅಂಟಿಕೊಳ್ಳದಿದ್ದರೆ ಅಲ್ಲಿ ತಗಡಿಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ ಮಾತ್ರ ಉಂಟು. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ತಟ್ಟಿ. ಟಣ್ ಎಂದರೆ ಸರಿ. ಡಬ್ ಎಂದರೆ ಟಿಂಕರಿಂಗ್ ಖರ್ಚನ್ನು ಈಗಲೇ ಎರಡು ಪಟ್ಟು ಬರೆದುಕೊಳ್ಳಿ.

ಹೆರಾಲ್ಡ್ ತಂದಾಗ ನಾನು ಇದ್ಯಾವುದನ್ನೂ ಮಾಡಲಿಲ್ಲ. ಹೊಸ ಪೈಂಟು ನೋಡಿ ಮರುಳಾದೆ. ಮನೆಗೆ ತಂದು ಚಕ್ರ ಬಿಚ್ಚೋಣ ಎಂದು ಜಾಕ್ ಕೊಟ್ಟೆ. ಕಾರು ಮೇಲೆ ಏಳಲಿಲ್ಲ, ಜಾಕೇ ಕಾರಿನೊಳಗೆ ಹೋಯಿತು. ಚಾಸಿಸ್ಸಿನ ಪಕ್ಕದ ತೋಳುಗಳೆಲ್ಲ ತುಕ್ಕು ತಿಂದು, ಮೇಲೆ ಡಾಂಬರು ಬಳಿದು ಮುಚ್ಚಿದ್ದರು.

ಮೂರನೆಯದು ಕಾಗದ. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡೂ ಆರ್‌ಸಿಗೆ ತಾಳೆ ಆಗಬೇಕು. 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ ಆ ಶುಲ್ಕ 10,000 ರೂಪಾಯಿ. ವಿದೇಶದಿಂದ ಬಂದ ಕಾರು ಎಂದು ಆರ್‌ಸಿಯಲ್ಲಿದ್ದರೆ 80,000. ಬೀಟಲ್, ಬೆಂಜ್ ನೋಡುವವರು ಈ ಅಂಕಿಯ ಮೇಲೆ ಎರಡು ಸಲ ಕಣ್ಣಾಡಿಸಿ. ಮೊದಲ ನೋಂದಣಿ ಆಗಿ 50 ವರ್ಷ ಆಗಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ, 20,000 ರೂಪಾಯಿ ಕೊಟ್ಟರೆ ಹತ್ತು ವರ್ಷ. ಆದರೆ ದಿನಬಳಕೆಗೆ ಓಡಿಸುವ ಹಾಗಿಲ್ಲ. ಚಾಸಿಸ್, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ಮಾರುತಿ ಎಂಜಿನ್ ಕೂರಿಸಿದ ಫಿಯಟ್ಟಿಗೆ ಆ ಬಾಗಿಲು ಮುಚ್ಚಿದ ಹಾಗೆ.

ನಾಲ್ಕನೆಯದು ಸ್ಪೇರ್ ಬರುವ ದಾರಿ. ಸ್ಪೇರ್ ಸಿಗುತ್ತದೆಯೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಬೇರೆ: ನಿಮ್ಮ ಮನೆಯವರು ಎಲ್ಲೆಲ್ಲಿ ಇದ್ದಾರೆ? ಹೇಳುತ್ತೇನೆ, ನೋಡಿ.

ಪದ್ಮಿನಿ: ಮುಂಬೈ ಬಸ್ಸಿನಲ್ಲಿ ಬರುವ ಕಾರು

ಉಡುಪಿ ಕಡೆ ಮುಂಬೈಯಲ್ಲಿ ಒಬ್ಬ ಭಾವನೋ ದೊಡ್ಡಪ್ಪನೋ ಇಲ್ಲದ ಮನೆ ಕಡಿಮೆ. ಪದ್ಮಿನಿ ಹುಟ್ಟಿದ್ದೂ ಅಲ್ಲೇ, ಕುರ್ಲಾದ ಕಾರ್ಖಾನೆಯಲ್ಲಿ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಶುರುವಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಹೊತ್ತು, 2000ದ ಆಸುಪಾಸಿನವರೆಗೆ ಬಂತು. ಮುಂಬೈಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಓಡಿದ್ದೂ ಇದೇ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರ ಅಕ್ಟೋಬರ್ 29ಕ್ಕೆ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅವು ರಸ್ತೆ ಬಿಟ್ಟವು. ಅಷ್ಟು ವರ್ಷ ಟ್ಯಾಕ್ಸಿಗಳ ಹೊಟ್ಟೆ ತುಂಬಿಸಿದ ಅಂಗಡಿಗಳ ಮಾಲು ಇನ್ನೂ ಮುಗಿದಿಲ್ಲ. ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗ್, ಕಿಂಗ್ ಪಿನ್, ವಾಟರ್ ಪಂಪ್, ಸ್ಟೀರಿಂಗ್ ಪಕ್ಕದ ಗೇರ್ ರಾಡಿನ ಬುಶ್, ಎಲ್ಲ ಸಿಗುತ್ತದೆ. ನನ್ನ ಕಾರಿನ ಮುಂದಿನ ಗ್ರಿಲ್ ಭಾವನ ಹೋಟೆಲಿನ ಹುಡುಗನೊಬ್ಬ ಚೋರ್ ಬಜಾರಿನಲ್ಲಿ ಹುಡುಕಿದ್ದು. ರಾತ್ರಿ ಬಸ್ಸಿನಲ್ಲಿ ಬಂತು, ಹಳೇ ಲುಂಗಿಯಲ್ಲಿ ಸುತ್ತಿ, ಮೇಲೆ ಸೆಣಬಿನ ಹಗ್ಗ ಕಟ್ಟಿ.

ಒಂದು ಎಚ್ಚರಿಕೆ. ಟ್ಯಾಕ್ಸಿಗೆಂದು ಬಂದ ಲೋಕಲ್ ಮಾಲು ಅಗ್ಗ, ಹಾಗೇ ಅದರ ಬಾಳಿಕೆ. ಬ್ರೇಕ್ ಮತ್ತು ಸ್ಟೀರಿಂಗಿಗೆ ಸಂಬಂಧಿಸಿದ್ದಕ್ಕೆ ಅಗ್ಗ ನೋಡಬೇಡಿ. ಇನ್ನೊಂದು, 'ಪದ್ಮಿನಿ' ಎಂದರೆ ಎಲ್ಲ ಒಂದೇ ಅಲ್ಲ. 1,089 ಸಿಸಿ ಪೆಟ್ರೋಲ್ ಇರುವುದನ್ನೇ ಹುಡುಕಿ. ಕೊನೆಗಾಲದಲ್ಲಿ ಇಟಲಿಯ ಎಂಜಿನ್ ಹಾಕಿದ ಡೀಸೆಲ್ ಪದ್ಮಿನಿ ಬಂದಿತ್ತು, ಅದರ ಎಂಜಿನ್ ಭಾಗ ಹುಡುಕುವುದು ಕಷ್ಟ. ಇನ್ನು ಮುಂಬಾಗಿಲು ಹಿಂದುಮುಂದಾಗಿ ತೆರೆಯುವ 1964ಕ್ಕಿಂತ ಹಿಂದಿನ ಫಿಯಟ್ ಕಂಡರೆ ಮನಸ್ಸು ಕರಗುತ್ತದೆ, ನಿಜ. ಆದರೆ ಅದರ ಗಾಜು, ಬಾಗಿಲು, ಬೀಡಿಂಗ್ ಪದ್ಮಿನಿಯದ್ದಲ್ಲ. ಅದು ಬೇರೆಯೇ ಕಾರು ಎಂದು ತಿಳಿದು ಬೆಲೆ ಕಟ್ಟಿ.

ಶಿರಾಡಿ ಘಾಟಿಯಲ್ಲಿ ಪದ್ಮಿನಿ ಬಿಸಿಯಾಗುತ್ತದೆ ಎನ್ನುವುದು ಸುಳ್ಳಲ್ಲ. ಎಂಜಿನ್ನಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದ ಅಪ್ಪಂದಿರನ್ನು ನೀವೂ ನೋಡಿರಬಹುದು. ರೇಡಿಯೇಟರ್ ಪೂರ್ತಿ ಬಿಚ್ಚಿ ಕ್ಲೀನ್ ಮಾಡಿಸಿದರೆ ಮುಕ್ಕಾಲು ಪಾಲು ಗುಣ.

ಈಗಿನ ಪೆಟ್ರೋಲಿನ ತೊಂದರೆ ಬೇರೆ. ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ್ದು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ಇವನ್ನು ಅದು ಮೆತ್ತಗೆ ಮಾಡುತ್ತದೆ. ಎಥನಾಲ್ ನೀರು ಹೀರುತ್ತದೆ, ನಮ್ಮ ಹವೆಯಲ್ಲಿ ಕೇಳುವುದೇ ಬೇಡ. ಎರಡು ತಿಂಗಳು ನಿಲ್ಲಿಸಿದರೆ ಟ್ಯಾಂಕಿನ ಒಳಗೇ ತುಕ್ಕು. ಪದ್ಮಿನಿ, ಹೆರಾಲ್ಡ್, ಬೀಟಲ್, ಪೆಟ್ರೋಲ್ ಅಂಬಾಸಿಡರ್, ಯಾವುದಾದರೂ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿಬಿಡಿ. ದೊಡ್ಡ ಖರ್ಚಲ್ಲ. ಬೆಂಕಿ ಬಿದ್ದರೆ ದೊಡ್ಡ ಖರ್ಚು.

ನನ್ನ ಲೆಕ್ಕ ಹೇಳುವುದಾದರೆ: ಕಾರಿಗೆ 60 ಸಾವಿರ ಕೊಟ್ಟೆ. ರಸ್ತೆಗಿಳಿಯುವಾಗ ಮೂರು ಲಕ್ಷ ದಾಟಿತ್ತು. ಅದರಲ್ಲಿ ಅರ್ಧ ಟಿಂಕರಿಂಗಿಗೆ ಮತ್ತು ಪೈಂಟಿಗೆ. ಎಂಜಿನ್ನಿಗೆ ಹೋದದ್ದು 40 ಸಾವಿರಕ್ಕೂ ಕಡಿಮೆ.

ಅಂಬಾಸಿಡರ್: ತಲೆನೋವು ಕಡಿಮೆ, ಜಂಭವೂ ಕಡಿಮೆ

ಸ್ಪೇರ್ ಒಂದನ್ನೇ ನೋಡಿದರೆ ಇದಕ್ಕೇ ಮೊದಲ ಸ್ಥಾನ. ಇದನ್ನು ತಯಾರಿಸುತ್ತಿದ್ದ ಬಂಗಾಳದ ಉತ್ತರಪಾರಾದ ಕಾರ್ಖಾನೆ ನಿಂತದ್ದು 2014ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಬಾಡಿಗೆ ಕಾರಾಗಿ ಓಡಿಸಿದವರು, ರಿಪೇರಿ ಮಾಡಿದವರು ಕರಾವಳಿಯ ಪ್ರತಿ ಪೇಟೆಯಲ್ಲೂ ಇದ್ದಾರೆ. ಕಣ್ಣು ಮುಚ್ಚಿ ಗೇರ್‌ಬಾಕ್ಸ್ ಇಳಿಸುತ್ತಾರೆ. ಇಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಅಲ್ಲೂ ಇಲ್ಲದ್ದು ಕೋಲ್ಕತ್ತದ ಮಲ್ಲಿಕ್ ಬಜಾರಿನಲ್ಲಿ.

ಹಳೆಯ 1,489 ಸಿಸಿ ಪೆಟ್ರೋಲ್ ಎಂಜಿನ್ ಇರುವುದು ಹಳೇ ಕಾರಿನ ರುಚಿಗೆ ಸರಿ. ದಿನಾ ಓಡಿಸುವವರಿಗೆ ನಂತರ ಬಂದ ಇಸುಜು 1,817 ಸಿಸಿ. ಅದು ಜಪಾನಿನ ಎಂಜಿನ್, ಹಾಗಾಗಿ ಯುರೋಪಿನ ಹುಚ್ಚು ಇರುವವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ, ಚಾರ್ಮಾಡಿ ಹತ್ತುವಾಗ ಹಿಂದೆ ಉಳಿಯುವುದು ಅವರೇ. ಮೊದಮೊದಲ ಮಾದರಿಗಳಾದ ಮಾರ್ಕ್ 1, ಮಾರ್ಕ್ 2 ಹುಡುಕುವವರು ಮಾತ್ರ ಜಾಗ್ರತೆ. ಆ ಗ್ರಿಲ್ಲು, ಆ ಡ್ಯಾಶ್‌ಬೋರ್ಡು ಅಷ್ಟು ಸುಲಭಕ್ಕೆ ಇಲ್ಲ.

ಹೆರಾಲ್ಡ್: ಮನಸ್ಸಿಗೆ ಹತ್ತಿರ, ಅಂಗಡಿಗೆ ದೂರ

ಇಟಲಿಯ ಮಿಕೆಲೊಟ್ಟಿ ಬಿಡಿಸಿದ ರೂಪ. ಬಾನೆಟ್ಟನ್ನು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿದರೆ ಎಂಜಿನ್, ಮುಂದಿನ ಚಕ್ರ ಎಲ್ಲ ಬಯಲು. ಟಯರಿನ ಮೇಲೆ ಕೂತು ಪ್ಲಗ್ ಬಿಚ್ಚಬಹುದು. 948 ಸಿಸಿಯ ಪುಟ್ಟ ಎಂಜಿನ್. ಮದರಾಸಿನಲ್ಲಿ 1961ರಿಂದ 1971ರವರೆಗೆ ಬಂತು. ಹಾಗಾಗಿ ಸಿಗುವ ಎಲ್ಲ ಹೆರಾಲ್ಡೂ ವಿಂಟೇಜ್ ನೋಂದಣಿಗೆ ವಯಸ್ಸಾದದ್ದೇ.

ಸ್ಪೇರಿನ ವಿಷಯದಲ್ಲಿ ಇದು ವಿಚಿತ್ರ ಕಾರು. ಭಾರತದಲ್ಲಿ ಬರ, ಇಂಗ್ಲೆಂಡಿನಲ್ಲಿ ಸುಗ್ಗಿ. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೆರಾಲ್ಡಿನ ಅಡಿಪಾಯದ ಮೇಲೆಯೇ ನಿಂತದ್ದು. ಅಲ್ಲಿ ಅದನ್ನು ಸಾಕುವವರು ಬಹಳ, ಹಾಗಾಗಿ ಮುಂದಿನ ಸಸ್ಪೆನ್ಶನ್, ಬುಶ್, ಬ್ರೇಕಿನ ಭಾಗ, ಚಾಸಿಸ್ಸಿನ ತೋಳು ಕೂಡ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಆದರೆ ನಮ್ಮಲ್ಲಿ ಕೊನೆಗೆ ಬಂದ ನಾಲ್ಕು ಬಾಗಿಲಿನ ಮಾರ್ಕ್ 3 ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಅದರ ಹಿಂಬಾಗಿಲು, ಆ ಬಾಗಿಲಿನ ಗಾಜು ಒಡೆದರೆ ಲಂಡನ್ನಿಗೆ ಫೋನ್ ಮಾಡಿಯೂ ಪ್ರಯೋಜನ ಇಲ್ಲ. ಮನೆಮಂದಿಗೆ ನಾಲ್ಕು ಬಾಗಿಲೇ ಅನುಕೂಲ, ಸ್ಪೇರಿಗೆ ಎರಡು ಬಾಗಿಲೇ ಅನುಕೂಲ.

ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ತಂಗಿ, ಮಗಳು ಇದ್ದು, ರಜೆಗೆ ಬರುವಾಗ ಎರಡು ಕಿಲೊ ಬುಶ್, ರಬ್ಬರ್ ಹೊತ್ತು ತರುತ್ತಾಳೆ ಎಂದಾದರೆ ಹೆರಾಲ್ಡ್ ಯೋಚಿಸಿ. ಕೊರಿಯರಿನಲ್ಲಿ ತರಿಸಿದರೆ ಸಾಗಣೆ, ಸುಂಕ, ತೆರಿಗೆ ಸೇರಿ ಬಿಲ್ಲು ಎಷ್ಟಕ್ಕೆ ಏರುತ್ತದೆ ಎಂದು ನನಗೆ ಗೊತ್ತುಂಟು. ನಾಲ್ಕು ಸಾವಿರದ ರಬ್ಬರ್ ಸೆಟ್ಟು ಮನೆ ಬಾಗಿಲಿಗೆ ಬರುವಾಗ ಏಳು ಸಾವಿರ ಆಗಿತ್ತು.

ಹೆರಾಲ್ಡ್ ತಗೊಂಡವರಿಗೆ ಒಂದು ಮಾತು. ಮುಂದಿನ ಚಕ್ರದ ಬುಡದಲ್ಲಿ ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ತುಂಡು ಇದೆ. ಅದಕ್ಕೆ ಗ್ರೀಸ್ ಹೊಡೆಯಬಾರದು, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಿಡಿಯುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ಗ್ರೀಸ್ ಎಳೆಗಳ ಒಳಗೆ ಇಳಿಯದೆ ಒಣಗುತ್ತದೆ, ನೀರು ಸೇರುತ್ತದೆ, ಒಂದು ದಿನ ತಿರುವಿನಲ್ಲಿ ಮೇಲಿನ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ನೋಡಲು ಹೋದಾಗಲೇ ಕೇಳಿ, 'ಇದಕ್ಕೆ ಆಯಿಲಾ, ಗ್ರೀಸಾ?' ಉತ್ತರದಲ್ಲೇ ಕಾರನ್ನು ಹೇಗೆ ಸಾಕಿದ್ದಾರೆ ಎಂದು ಗೊತ್ತಾಗುತ್ತದೆ.

ಬೆಂಜ್ 240ಡಿ: ಟ್ರಾಕ್ಸಿನ ನೆಂಟ

ಇದು ಡಬ್ಲ್ಯು 123 ಎಂಬ ಮಾದರಿ, 1976ರಿಂದ ಹತ್ತು ವರ್ಷ ಬಂತು, 27 ಲಕ್ಷದಷ್ಟು ತಯಾರಾಯಿತು. ಹೆಸರು ಕೇಳಿ ಹೆದರಬೇಡಿ. ಇದರ ಓಎಂ 616 ಡೀಸೆಲ್ ಎಂಜಿನ್ನನ್ನೇ ಬಜಾಜ್ ಟೆಂಪೊದವರು ಲೈಸೆನ್ಸ್ ಪಡೆದು ಇಲ್ಲಿ ತಯಾರಿಸಿ ಟ್ರಾಕ್ಸ್, ಟ್ರಾವೆಲರ್‌ಗಳಿಗೆ ಹಾಕಿದರು. ಕಾಲೇಜು ಮಕ್ಕಳನ್ನು ಹೊತ್ತು ಓಡಿದ ಆ ಟ್ರಾಕ್ಸ್ ಗೊತ್ತಲ್ಲ, ಅದೇ! ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್‌ನಂಥ ಒಳಗಿನ ಭಾಗಗಳಿಗೆ ಟೆಂಪೊ ಮೆಕ್ಯಾನಿಕ್ಕನ್ನು ಹಿಡಿದರೆ ಅರ್ಧ ದಾರಿ ಸಾಗಿದ ಹಾಗೆ. ಹೊರಗಿನ ಬ್ರಾಕೆಟ್, ಪೈಪುಗಳು ಬೇರೆ ಇರಬಹುದು, ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿಯೇ ದುಡ್ಡು ಕೊಡಿ. 300ಡಿ ಆದರೆ ಐದು ಸಿಲಿಂಡರ್, ಈ ಸೌಕರ್ಯ ಅಲ್ಲಿ ಇಲ್ಲ ಎಂದೇ ತಿಳಿಯಿರಿ.

ಬಾಡಿ ಭಾಗಕ್ಕೆ ಗಲ್ಫ್ ದಾರಿ. ಶಾರ್ಜಾದ ಹಳೇ ಸಾಮಾನಿನ ಮಾರುಕಟ್ಟೆ ದೊಡ್ಡದು, ಅಲ್ಲಿನ ಮರಳುಗಾಡಿನ ತಗಡು ನಮ್ಮದರ ಹಾಗೆ ಕೊಳೆತಿರುವುದಿಲ್ಲ. ಟೇಲ್ ಲ್ಯಾಂಪು, ಸ್ವಿಚ್ಚು, ಕನ್ನಡಿ ಸೂಟ್‌ಕೇಸಿನಲ್ಲಿ ಬರುತ್ತದೆ. ಬಾಗಿಲು ಬರುವುದಿಲ್ಲ. ಕಂಪನಿಯೇ ಹಳೇ ಮಾದರಿಗಳ ಭಾಗ ಈಗಲೂ ಮಾರುತ್ತದೆ, ಆದರೆ ಆ ಬೆಲೆಗೆ ಮನೆಯಲ್ಲಿ ಉತ್ತರ ಹೇಳುವವರು ನೀವು.

ಈ ಕಾರಿನ ಒಂದು ತಮಾಷೆ ಕೇಳಿ. ಎಂಜಿನ್ ನಿಲ್ಲುವುದು ವ್ಯಾಕ್ಯೂಮಿನಿಂದ, ಅಂದರೆ ರಬ್ಬರ್ ಪೈಪಿನೊಳಗೆ ಗಾಳಿ ಎಳೆದುಕೊಳ್ಳುವ ಬಲದಿಂದ; ಬಾಗಿಲುಗಳ ಲಾಕೂ ವ್ಯಾಕ್ಯೂಮಿನಿಂದ. ಕದ್ರಿಯ ಕಾರು ನೋಡಲು ನಾನೂ ಹೋಗಿದ್ದೆ. ಎರಡೇ ಸುತ್ತಿಗೆ ಸ್ಟಾರ್ಟ್ ಆಯಿತು. ಎಲ್ಲರಿಗೂ ಖುಷಿ. ಕೀ ತಿರುಗಿಸಿ ಹೊರಗೆ ತೆಗೆದರು. ಎಂಜಿನ್ ನಿಲ್ಲಲಿಲ್ಲ. ಕೀ ಓನರಿನ ಕೈಯಲ್ಲಿ, ಕಾರು ತನ್ನ ಪಾಡಿಗೆ ಗಡಗಡ. ಕೊನೆಗೆ ಬಾನೆಟ್ ಎತ್ತಿ ಸ್ಟಾಪ್ ಲಿವರ್ ಒತ್ತಿದರು. ಹೆದರುವ ವಿಷಯ ಅಲ್ಲ, ಎಲ್ಲೋ ಒಂದು ರಬ್ಬರ್ ಪೈಪು ಸೀಳಿದೆ. ಆದರೆ ಎಲ್ಲಿ ಎಂದು ಹುಡುಕುವ ತಾಳ್ಮೆ ಇರುವ ಮೆಕ್ಯಾನಿಕ್ ಬೇಕು. ತಾಳ್ಮೆಯ ಕೂಲಿ ಗಂಟೆ ಲೆಕ್ಕದಲ್ಲಿ.

ಕೈಯಲ್ಲಿ ಆರೇಳು ಲಕ್ಷ ಇಲ್ಲದೆ ಬೆಂಜ್ ಹತ್ತಿರ ಹೋಗಬೇಡಿ ಎನ್ನುವುದು ನನ್ನ ಸಲಹೆ. ಇದ್ದರೆ ಮಾತ್ರ, ಇಡೀ ಪಟ್ಟಿಯಲ್ಲಿ ಬೆಂಗಳೂರಿಗೆ ಆರಾಮಾಗಿ ಹೋಗಿ ಬರುವ ಕಾರು ಇದೊಂದೇ.

ಉಳಿದವು

ಬೀಟಲ್ ಸ್ಪೇರಿನ ವಿಷಯದಲ್ಲಿ ಜಗತ್ತಿನಲ್ಲೇ ಸುಖಿ. 2 ಕೋಟಿ 15 ಲಕ್ಷ ಕಾರು ಆಗಿವೆ, ಮೆಕ್ಸಿಕೊದಲ್ಲಿ 2003ರವರೆಗೆ ಬರುತ್ತಿತ್ತು. ಕಾರಿನ ತಳ ಕೂಡ ಹೊಸದು ಸಿಗುತ್ತದೆ. ರೇಡಿಯೇಟರ್ ಇಲ್ಲ, ಬಿಸಿಯಾಗಿ ಕುದಿಯುವ ಮಾತಿಲ್ಲ. ಆದರೆ ಒಂದೊಂದು ಭಾಗವೂ ವಿಮಾನದಲ್ಲಿ ಬರಬೇಕು, ಕಾರಿನ ಬೆಲೆಯೇ ಇಲ್ಲಿ ವಿಪರೀತ. 1967ಕ್ಕಿಂತ ಹಿಂದಿನವು ಹೆಚ್ಚಾಗಿ 6 ವೋಲ್ಟ್, ಅದನ್ನೂ ಕೇಳಿ.

ಸ್ಟ್ಯಾಂಡರ್ಡ್ 2000 ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ರೋವರಿನ ಬಾಡಿ, 1980ರ ದಶಕದಲ್ಲಿ ಮೂರ್ನಾಲ್ಕು ವರ್ಷ ಬಂದು ಹೋಯಿತು, ಸ್ಪೇರ್ ಕೇಳಬೇಡಿ.

ನನಗೆ ಒಳಗೊಳಗೆ ಆಸೆ ಇರುವುದು ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಮೇಲೆ. ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಅವತಾರ. ಮೈಯೆಲ್ಲ ಫೈಬರ್, ಬಾಡಿಗೆ ತುಕ್ಕಿನ ಮಾತೇ ಇಲ್ಲ, ಕೆಳಗಿನ ಚಾಸಿಸ್ ಮಾತ್ರ ನೋಡಿಕೊಂಡರಾಯಿತು. ಬಿರುಕು ಬಿಟ್ಟರೆ ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರ ಹತ್ತಿರ ತಗೊಂಡು ಹೋಗಬಹುದು. 848 ಸಿಸಿ ಎಂಜಿನ್ನಿನ ಸ್ಪೇರ್ ಮಾತ್ರ ಇಂಗ್ಲೆಂಡಿನಿಂದಲೇ. ಇಷ್ಟು ವರ್ಷದಲ್ಲಿ ಒಂದು ಪೂರ್ತಿ ಡಾಲ್ಫಿನ್ ನನ್ನ ಕಣ್ಣಿಗೆ ಬಿದ್ದಿಲ್ಲ, ಅದೇ ಸಮಸ್ಯೆ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ಕೈ ಹಾಕುವವರು, ಮೂರು ಲಕ್ಷದ ಆಸುಪಾಸಿನಲ್ಲಿ ಮುಗಿಸಬೇಕೆನ್ನುವವರು, ಮುಂಬೈಯಲ್ಲಿ ನೆಂಟರಿರುವವರು: ಪದ್ಮಿನಿ. ಮನೆಯಲ್ಲಿ ಆರು ಜನ, ದೇವಸ್ಥಾನಕ್ಕೂ ಮದುವೆಗೂ ಅದೇ ಕಾರು ಆಗಬೇಕೆಂದರೆ ಅಂಬಾಸಿಡರ್, ಎರಡನೇ ಯೋಚನೆ ಬೇಡ. ಮನೆಯಲ್ಲಿ ಓಡಿಸಲು ಬೇರೆ ಕಾರಿದ್ದು, ಅವಸರ ಇಲ್ಲದೆ, ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಖಯಾಲಿ ಇರುವವರಿಗೆ ಎರಡು ಬಾಗಿಲಿನ ಹೆರಾಲ್ಡ್. ಗ್ಯಾರೇಜಿಗೆ ಕೊಟ್ಟು ಕೂರುವವರಿಗೆ ಅಲ್ಲ. ದುಬೈಯಲ್ಲಿ ಅಣ್ಣ, ಬ್ಯಾಂಕಿನಲ್ಲಿ ದುಡ್ಡು ಎರಡೂ ಇದ್ದರೆ ಬೆಂಜ್. ಮುಚ್ಚಿದ ಶೆಡ್ ಇಲ್ಲದವರು ಮೊದಲು ಶೆಡ್ ಕಟ್ಟಿಸಿ. ಪನಂಬೂರು, ಕಾಪು, ಮಲ್ಪೆ ಕಡೆ ಕಡಲಿಗೆ ಹತ್ತಿರ ಇರುವವರಿಗೆ ಇದು ಇನ್ನೂ ಗಟ್ಟಿ ಮಾತು.

ಅಳಿಯನ ಹತ್ತಿರ ಇರುವುದು ಎರಡೂಮುಕ್ಕಾಲು ಲಕ್ಷ ಮತ್ತು ಘಾಟ್ಕೋಪರಿನಲ್ಲಿ ಒಬ್ಬ ದೊಡ್ಡಪ್ಪ. ಕಾರ್ಕಳದ ಪದ್ಮಿನಿಯ ನಾಲ್ಕೂ ಗಾಜು, ಗ್ರಿಲ್ಲು, ಟೇಲ್ ಲ್ಯಾಂಪು ಫೋಟೊದಲ್ಲಿ ಕಾಣುತ್ತಿತ್ತು. ಎಂಜಿನ್ ಜಾಮ್ ಆಗಿದೆ ಎಂದು ಬೇಸರದಲ್ಲಿ ಹೇಳಿದ. ನಾನು 'ಒಳ್ಳೆಯದಾಯಿತು, ಬೆಲೆ ಇಳಿಸು' ಎಂದೆ.

ನೋಡಲು ಯಾವಾಗ ಹೋಗಬೇಕು ಎಂದು ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ: ತುಳುವಿನ ಆಟಿ ತಿಂಗಳಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭ ಅಲ್ಲ ಎಂದು, ನಮ್ಮ ಕಡೆ ಯಾರೂ ಗಾಡಿ ತಗೊಳ್ಳುವುದಿಲ್ಲ. ಮಾರುವವರಿಗೆ ಬೇರೆ ಗಿರಾಕಿ ಇರುವುದಿಲ್ಲ, ಚರ್ಚೆಗೆ ಜಾಗ ಉಂಟು. ಅದಕ್ಕಿಂತ ಹೆಚ್ಚಾಗಿ, ಧೋ ಎಂದು ಸುರಿಯುವ ಮಳೆಯಲ್ಲಿ ಕಾರನ್ನು ಅರ್ಧ ಗಂಟೆ ಅಂಗಳಕ್ಕೆ ತಳ್ಳಿಸಿ ಒಳಗೆ ಕೂತರೆ, ಯಾವ ಬೀಡಿಂಗ್ ಹೋಗಿದೆ, ಯಾವ ತಳದಿಂದ ನೀರು ಏಳುತ್ತದೆ ಎಂದು ಕಾರೇ ಹೇಳುತ್ತದೆ. ಆಟಿಯಲ್ಲಿ ನೋಡಿ ಬೆಲೆ ಮಾತಾಡಿ ಬನ್ನಿ. ಅಮ್ಮಂದಿರಿಗೆ ಬೇಜಾರಾಗದ ಹಾಗೆ, ಅಡ್ವಾನ್ಸ್ ಮುಂದಿನ ಸೋಣ ತಿಂಗಳು ಹುಟ್ಟಿದ ಮೇಲೆ ಕೊಡಿ.

ಅಳಿಯ ಈ ಭಾನುವಾರ ಕಾರ್ಕಳಕ್ಕೆ ಹೊರಟಿದ್ದಾನೆ. ಕೊಡೆ, ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ ಕಟ್ಟಿಟ್ಟುಕೊಂಡಿದ್ದಾನೆ. ಹೆರಾಲ್ಡಿನ ಫೋಟೊ ಮಾತ್ರ ಫೋನಿನಿಂದ ಇನ್ನೂ ತೆಗೆದಿಲ್ಲ.